ರಾವಣನ ವೇಷದೊಳಗೊಬ್ಬ ರಾಮಭಕ್ತ

ನನ್ನ ಪ್ರೀತಿಯ ವಿದ್ಯಾರ್ಥಿಗಳಲ್ಲಿ 1987ರ ಸುಮಾರಿಗೆ ಪ್ರೌಢಶಾಲೆಯಲ್ಲಿದ್ದವರಿಗೆ ಆ ಭಾನುವಾರದ ಬೆಳಗುಗಳು ನೆನಪಿರಲೇಬೇಕು. ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸಬ. ಹತ್ತನೆಯ ತರಗತಿಯವರಿಗೆ ಭಾನುವಾರ ಬೆಳಿಗ್ಗೆ ವಿಶೇಷ ತರಗತಿ ಇಟ್ಟುಕೊಂಡಿದ್ದೆ. ಜನವರಿ ತಿಂಗಳು ಕಳೆಯುವಷ್ಟರಲ್ಲಿ ತರಗತಿ ಅರ್ಧ ಖಾಲಿಯಾಯಿತು, ಫೆಬ್ರವರಿಯಲ್ಲಿ ಪೂರ್ತಿ ಖಾಲಿಯಾಯಿತು. ವಿಚಾರಿಸಿದಾಗ ತಿಳಿದ ಕಾರಣ ಒಂದೇ: ದೂರದರ್ಶನದ 'ರಾಮಾಯಣ'. ಕೊನೆಗೆ ನಾನೂ ಸೋತು, ತರಗತಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿ, ನಾಲ್ಕು ಮನೆಗಳಾಚೆಯ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ ಕಪ್ಪು-ಬಿಳುಪಿನ ಪೆಟ್ಟಿಗೆಯ ಮುಂದೆ ಹೋಗಿ ಕುಳಿತೆ.

ರಾಮಾನಂದ ಸಾಗರ್ ನಿರ್ಮಿಸಿ ನಿರ್ದೇಶಿಸಿದ ಆ ಧಾರಾವಾಹಿ 1987ರ ಜನವರಿ 25ರಂದು ಆರಂಭವಾಗಿ 1988ರ ಜುಲೈ 31ರಂದು ಮುಗಿಯಿತು. ಒಟ್ಟು 78 ಕಂತುಗಳು. ಮಾತೆಲ್ಲ ಹಿಂದಿಯಲ್ಲಿ. ಜಗಲಿಯಲ್ಲಿ ಕುಳಿತ ಅಜ್ಜಿಯರಿಗೆ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾಮನ ಮಾತಿಗೆ ಅರ್ಥ ಹೇಳಬೇಕಾಗಿತ್ತು, ದಶರಥನ ಮಾತಿಗೂ ಹೇಳಬೇಕಾಗಿತ್ತು. ಆದರೆ ರಾವಣ ತೆರೆಗೆ ಬಂದನೆಂದರೆ ನನ್ನ ಕೆಲಸ ತಪ್ಪುತ್ತಿತ್ತು. ಆ ನಗು, ಆ ಹುಬ್ಬು, ಆ ನಡಿಗೆಗೆ ಭಾಷಾಂತರ ಬೇಕಿರಲಿಲ್ಲ. ಆ ನಟನ ಹೆಸರು ಅರವಿಂದ ತ್ರಿವೇದಿ. ಇಂದು ಅವರ ಜೀವನದ ಬಗ್ಗೆ ನಾಲ್ಕು ಮಾತು ಬರೆಯುವ ಮನಸ್ಸಾಗಿದೆ. ಇದರಲ್ಲಿ ನನ್ನದೊಂದು ಹಳೆಯ ತಪ್ಪಿನ ನಿವೇದನೆಯೂ ಸೇರಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅರವಿಂದ ತ್ರಿವೇದಿಯವರು ಹುಟ್ಟಿದ್ದು 1938ರ ನವೆಂಬರ್ 8ರಂದು, ಮಧ್ಯಪ್ರದೇಶದ ಇಂದೋರಿನಲ್ಲಿ. ಮನೆತನ ಗುಜರಾತಿನ ಸಾಬರಕಾಂಠಾ ಕಡೆಯದು. ಅಣ್ಣ ಉಪೇಂದ್ರ ತ್ರಿವೇದಿಯವರು ಗುಜರಾತಿ ರಂಗಭೂಮಿ ಮತ್ತು ಚಲನಚಿತ್ರಗಳ ಬಹು ದೊಡ್ಡ ನಾಯಕನಟ. 1971ರಲ್ಲಿ ಬಂದ 'ಜೆಸಲ್ ತೋರಲ್' ಚಿತ್ರ ಅವರನ್ನು ಗುಜರಾತಿನ ಮನೆಮಾತಾಗಿಸಿತ್ತು. ಅಣ್ಣನ ನೆರಳಿನಲ್ಲಿಯೇ ತಮ್ಮನೂ ನಾಟಕದ ಹಲಗೆಯನ್ನೇರಿದರು. ಧ್ವನಿವರ್ಧಕವನ್ನು ನಂಬದೆ ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸಬೇಕಾದ ರಂಗಭೂಮಿಯ ಶಿಸ್ತು ಅವರ ಕಂಠವನ್ನು ರೂಪಿಸಿತು. ನಾಟಕದಿಂದ ಸಿನಿಮಾಕ್ಕೆ ಬಂದು, ಗುಜರಾತಿ ಮತ್ತು ಹಿಂದಿಗಳೆರಡೂ ಸೇರಿ ಸುಮಾರು 300 ಚಿತ್ರಗಳಲ್ಲಿ ಅಭಿನಯಿಸಿದರೆಂದು ಹೇಳುತ್ತಾರೆ. ಆದರೂ ಗುಜರಾತಿನಿಂದ ಹೊರಗೆ ಅವರನ್ನು ಬಲ್ಲವರು ವಿರಳ. ನಲವತ್ತೆಂಟು ವರ್ಷ ತುಂಬಿದ ಮೇಲೆ ಒಂದೇ ಒಂದು ಪಾತ್ರ ಅವರನ್ನು ಇಡೀ ಭಾರತಕ್ಕೆ ಪರಿಚಯಿಸಿತು.

ಆ ಪಾತ್ರ ದೊರೆತ ಬಗೆಯೂ ಸ್ವಾರಸ್ಯವಾಗಿದೆ. ಸಾಗರ್ ಅವರ 'ವಿಕ್ರಮ್ ಔರ್ ಬೇತಾಳ್' ಧಾರಾವಾಹಿಯಲ್ಲಿ ಅರವಿಂದರು ಈಗಾಗಲೇ ಕೆಲಸ ಮಾಡಿದ್ದರು. ರಾಮಾಯಣಕ್ಕೆ ನಟರ ಆಯ್ಕೆ ನಡೆಯುತ್ತಿದೆಯೆಂದು ತಿಳಿದು ಅವರು ಹೋದದ್ದು ರಾವಣನ ಪಾತ್ರವನ್ನು ಕೇಳುವುದಕ್ಕಲ್ಲ. ರಾಮನನ್ನು ಗಂಗೆ ದಾಟಿಸುವ ಅಂಬಿಗನ ಪಾತ್ರವನ್ನು ಕೇಳಲು! ತುಲಸೀದಾಸರ ರಾಮಾಯಣದಲ್ಲಿ ಈ ಅಂಬಿಗ, ಕೇವಟ, ಭಕ್ತಿಯ ಪರಮಾವಧಿ. ಆದರೆ ಮಾತು ಮುಗಿಸಿ ಅವರು ಎದ್ದು ನಡೆದ ಗತ್ತನ್ನು ಕಂಡ ಸಾಗರ್ ಅವರು ತಮ್ಮ ಲಂಕೇಶ ಸಿಕ್ಕಿದನೆಂದು ನಿಶ್ಚಯಿಸಿಬಿಟ್ಟರಂತೆ. ಈ ಪ್ರಸಂಗವನ್ನು ಅರವಿಂದರು ಸಂದರ್ಶನಗಳಲ್ಲಿ ನಗುತ್ತ ಹೇಳಿಕೊಳ್ಳುತ್ತಿದ್ದರು. ರಾಮನ ಪಾದ ತೊಳೆಯಬೇಕೆಂದು ಬಂದವನು ರಾಮನನ್ನು ನಿಂದಿಸುವವನಾದ!

ಚಿತ್ರೀಕರಣ ನಡೆದದ್ದು ಗುಜರಾತ್-ಮಹಾರಾಷ್ಟ್ರ ಗಡಿಯ ಉಂಬರಗಾಂವ್‌ನಲ್ಲಿ. ಭಾರವಾದ ಕಿರೀಟ, ಮೈತುಂಬ ಆಭರಣ, ಗಂಟೆಗಟ್ಟಲೆ ಅಲಂಕಾರ. ಅವರು ಮನೆಯಲ್ಲಿ ನಿತ್ಯವೂ ರಾಮನನ್ನು ಪೂಜಿಸುವ ಗೃಹಸ್ಥ. ಚಿತ್ರೀಕರಣದ ದಿನ ಉಪವಾಸವಿದ್ದು, ತಾನು ಆಡಬೇಕಾದ ಕಟುನುಡಿಗಳಿಗಾಗಿ ಮೊದಲೇ ರಾಮನಲ್ಲಿ ಕ್ಷಮೆ ಬೇಡಿ, ವೇಷ ಕಳಚಿದ ಮೇಲೆಯೇ ಊಟ ಮಾಡುತ್ತಿದ್ದುದಾಗಿ ಅವರು ಹೇಳಿದ್ದಾರೆ. ಅವರ ಅಭಿನಯದ ಮೂಲ ಇಲ್ಲಿದೆಯೆಂದು ನನಗೆ ತೋರುತ್ತದೆ. ರಾವಣನನ್ನು ಅವರು ಹಗುರ ಮಾಡಲಿಲ್ಲ, ಗೇಲಿಯ ವಸ್ತುವಾಗಿಸಲಿಲ್ಲ. ಎದುರಾಳಿ ಕ್ಷುದ್ರನಾದರೆ ಗೆದ್ದವನೂ ಸಣ್ಣವನಾಗುತ್ತಾನೆ. ರಾಮ ದೊಡ್ಡವನಾಗಬೇಕಾದರೆ ರಾವಣನೂ ದೊಡ್ಡವನಾಗಿಯೇ ಇರಬೇಕಲ್ಲವೇ? ಅವರ ರಾವಣ ವೇದಜ್ಞ, ಶಿವಭಕ್ತ, ಮಹಾವೀರ. ಆದರೂ ಒಂದು ಹಠಕ್ಕಾಗಿ ಎಲ್ಲವನ್ನೂ ಕಳೆದುಕೊಂಡವ. ತಮ್ಮಂದಿರು, ಮಕ್ಕಳು ಒಬ್ಬೊಬ್ಬರಾಗಿ ಬಿದ್ದಂತೆಲ್ಲ ಆ ಮುಖದಲ್ಲಿ ಮೂಡುತ್ತಿದ್ದ ನೋವನ್ನು ನಾವು ಆ ಪುಟ್ಟ ಪರದೆಯ ಮೇಲೆಯೇ ಕಂಡೆವು.

ಕನ್ನಡಿಗರಾದ ನಮಗೆ ಇಂಥ ರಾವಣ ಹೊಸಬನೇನಲ್ಲ. ಹನ್ನೆರಡನೆಯ ಶತಮಾನದ ನಾಗಚಂದ್ರನು ತನ್ನ 'ರಾಮಚಂದ್ರ ಚರಿತ ಪುರಾಣ'ದಲ್ಲಿ ರಾವಣನನ್ನು ಉದಾತ್ತನೂ ವ್ರತನಿಷ್ಠನೂ ಆಗಿ, ಒಂದು ಚಿತ್ತಚಾಂಚಲ್ಯದಿಂದ ಕೆಟ್ಟು ಕೊನೆಗೆ ಪಶ್ಚಾತ್ತಾಪದಲ್ಲಿ ಬೆಂದವನಾಗಿ ಚಿತ್ರಿಸಿದ. ಬಿ.ಎಂ.ಶ್ರೀಯವರು ಆ ರಾವಣನಲ್ಲಿ ಗ್ರೀಕ್ ನಾಟಕಗಳ ದುರಂತ ನಾಯಕನ ಛಾಯೆಯನ್ನು ಕಂಡರು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ರಾವಣನ ಆತ್ಮೋದ್ಧಾರದವರೆಗೂ ನಡೆಯಿತು. ನಮ್ಮ ಯಕ್ಷಗಾನ, ಬಯಲಾಟಗಳಲ್ಲಂತೂ ರಾವಣನ ಪ್ರವೇಶಕ್ಕಾಗಿಯೇ ಜನ ನಿದ್ದೆಗೆಟ್ಟು ಕಾಯುತ್ತಾರೆ. ಆದ್ದರಿಂದಲೇ ಹಿಂದಿ ಬಾರದ ಆ ಅಜ್ಜಿಯರು ಗುಜರಾತಿನ ಈ ನಟನನ್ನು ನೋಡಿದೊಡನೆ ತಮ್ಮವನೆಂದು ಗುರುತು ಹಿಡಿದರೆಂದು ಕಾಣುತ್ತದೆ. ಅವನು ಸತ್ತ ಭಾನುವಾರ ಜಗಲಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಅಜ್ಜಿ, "ಅಷ್ಟೆಲ್ಲ ಓದಿದ್ದವನು, ಪಾಪ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಾತ್ರದ ಕೀರ್ತಿಗೆ ಇನ್ನೊಂದು ಮುಖವೂ ಇತ್ತು. ಬೀದಿಯಲ್ಲಿ ಜನ ಅವರನ್ನು ಲಂಕೇಶನೆಂದೇ ಕರೆದರು. ಹೆಂಡತಿ ಮಂಡೋದರಿಯಾದರು, ಮಕ್ಕಳು ರಾವಣನ ಮಕ್ಕಳಾದರು. ಅರವಿಂದರು ಇದನ್ನು ಪ್ರೀತಿಯೆಂದೇ ಸ್ವೀಕರಿಸಿದರು. 1991ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷ ಅವರನ್ನು ಸಾಬರಕಾಂಠಾದಿಂದಲೂ, ಸೀತೆಯ ಪಾತ್ರಧಾರಿ ದೀಪಿಕಾ ಚಿಖಲಿಯಾ ಅವರನ್ನು ಬರೋಡಾದಿಂದಲೂ ನಿಲ್ಲಿಸಿತು. ಇಬ್ಬರೂ ಗೆದ್ದರು. ರಾವಣನೂ ಸೀತೆಯೂ ಒಂದೇ ಪಕ್ಷದವರಾಗಿ ಒಂದೇ ಲೋಕಸಭೆಯಲ್ಲಿ ಕುಳಿತರು! (ಈ ದೀಪಿಕಾ ಅವರೇ 1990ರ 'ಹೊಸ ಜೀವನ'ದಲ್ಲಿ ನಮ್ಮ ಶಂಕರ್ ನಾಗ್ ಅವರ ಜೊತೆ ಅಭಿನಯಿಸಿದವರು.) ಅರವಿಂದರು 1996ರವರೆಗೆ ಸಂಸದರಾಗಿದ್ದರು. 1998ರಲ್ಲಿ ಬಂದ 'ದೇಶ್ ರೇ ಜೋಯಾ ದಾದಾ ಪರದೇಶ್ ಜೋಯಾ' ಎಂಬ ಗುಜರಾತಿ ಚಿತ್ರ ಭಾರಿ ಯಶಸ್ಸು ಕಂಡಿತು. 2002ರಿಂದ 2003ರವರೆಗೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಹಂಗಾಮಿ ಅಧ್ಯಕ್ಷರಾಗಿಯೂ ಇದ್ದರು.

2020ರ ಮಾರ್ಚಿಯಲ್ಲಿ ಕೊರೊನಾ ಮನೆಮನೆಯ ಬಾಗಿಲು ಹಾಕಿಸಿದಾಗ ದೂರದರ್ಶನ 'ರಾಮಾಯಣ'ವನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಒಂದು ಕಂತನ್ನೇ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಪ್ರಕಟಿಸಿತು. ಅದೇ ದಿನಗಳಲ್ಲಿ ನನ್ನ ಸೊಸೆ ತನ್ನ ಮೊಬೈಲಿನಲ್ಲಿ ಒಂದು ತುಣುಕನ್ನು ತೋರಿಸಿದಳು. ಎಂಬತ್ತೊಂದರ ವೃದ್ಧರೊಬ್ಬರು ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ಸೀತಾಪಹರಣ ನೋಡುತ್ತಿದ್ದಾರೆ. ತೆರೆಯ ಮೇಲೆ ಸೀತೆಯನ್ನು ಎಳೆದೊಯ್ಯುತ್ತಿರುವವರೂ ಅವರೇ. ಆ ದೃಶ್ಯಕ್ಕೆ ಅವರು ಎರಡೂ ಕೈ ಜೋಡಿಸಿ ತಲೆಬಾಗಿದರು. ನಾನು ಅದನ್ನು ಮೂರು ಬಾರಿ ನೋಡಿದೆ. 2021ರ ಅಕ್ಟೋಬರ್ 5ರ ರಾತ್ರಿ, 82ನೆಯ ವಯಸ್ಸಿನಲ್ಲಿ, ಅರವಿಂದ ತ್ರಿವೇದಿಯವರು ಮುಂಬಯಿಯಲ್ಲಿ ತೀರಿಕೊಂಡರು.

ಈಗ ನನ್ನ ಮಾತು. ಧಾರಾವಾಹಿ ಮುಗಿದ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ನಾನು ಮಕ್ಕಳಿಂದ ರಾಮಾಯಣದ ಒಂದು ಪ್ರಸಂಗವನ್ನು ಆಡಿಸಿದೆ. ಒಂಬತ್ತನೆಯ ತರಗತಿಯಲ್ಲಿ ವಯಸ್ಸಿಗಿಂತ ಎತ್ತರವಾಗಿ ಬೆಳೆದ, ಗಡಸು ದನಿಯ ಹುಡುಗನೊಬ್ಬನಿದ್ದ. ಕೇಳದೆಯೇ ಅವನಿಗೆ ರಾವಣನ ಪಾತ್ರ ಕೊಟ್ಟೆ. ಬಹಳ ಚೆನ್ನಾಗಿ ಮಾಡಿದ. ಮರುದಿನದಿಂದ ಅವನ ಹೆಸರೇ ರಾವಣ ಎಂದಾಯಿತು. ಹುಡುಗರು ಕರೆದರು, ಹುಡುಗಿಯರು ಕಂಡು ಸರಿದು ಹೋದರು. ಹಾಜರಿ ಕೂಗುವಾಗ ಒಂದೆರಡು ಬಾರಿ ನಾನೂ ತಮಾಷೆಗೆ ಹಾಗೆಯೇ ಕರೆದು ತರಗತಿಯನ್ನು ನಗಿಸಿದೆ. ಒಂದು ಸಂಜೆ ಅವನು ನನ್ನ ಸೈಕಲ್ಲಿನ ಪಕ್ಕದಲ್ಲಿ ನಡೆದು ಬಂದು, "ಸಾರ್, ಮುಂದಿನ ವರ್ಷ ನನಗೆ ಬೇರೆ ಪಾತ್ರ ಕೊಡ್ತೀರಾ?" ಎಂದು ಕೇಳಿದ. ನಾನು ನಕ್ಕು, "ನಿನಗೆ ಅದೇ ಒಪ್ಪುತ್ತೆ ಕಣೋ" ಎಂದೆ. ಮುಂದಿನ ವರ್ಷ ಅವನು ಬೇರೆ ಊರಿನ ಶಾಲೆಗೆ ಸೇರಿದ್ದ.

ಅರವಿಂದರಿಗೆ ಆಗ ಐವತ್ತರ ಹತ್ತಿರದ ವಯಸ್ಸು, ಬೆನ್ನ ಹಿಂದೆ ರಂಗಭೂಮಿಯ ಅನುಭವ, ಮನೆಯಲ್ಲಿ ಅವರ ನಿಜರೂಪ ಬಲ್ಲವರು. ರಾವಣನ ಹೆಸರನ್ನು ಅವರು ಕಿರೀಟದಂತೆ ಧರಿಸಿ, ಬೇಕೆಂದಾಗ ಇಳಿಸಬಲ್ಲವರಾಗಿದ್ದರು. ಹದಿನಾಲ್ಕರ ಹುಡುಗನಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ವೇಷ ಕಳಚಲು ಅವನಿಗೆ ನೆರವಾಗಬೇಕಾದವನು ನಾನು. ಅದನ್ನೇ ಮತ್ತಷ್ಟು ಬಿಗಿಯಾಗಿ ಕಟ್ಟಿದೆ. ಮುಂದೆ ಎಷ್ಟೋ ವರ್ಷ ನಾಟಕ ಆಡಿಸಿದೆ. ಆದರೆ ಪಾತ್ರದ ಹೆಸರಿನಿಂದ ಮತ್ತೆ ಯಾವ ಮಗುವನ್ನೂ ಕರೆಯಲಿಲ್ಲ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ತಂದೆ-ತಾಯಂದಿರು. ಮಕ್ಕಳಿಗೆ ಹೆಸರಿಡುವ ಮುನ್ನ ಒಮ್ಮೆ ಯೋಚಿಸಿ. ಆ ಹುಡುಗನ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದು, ಅವನ ಸಂಪರ್ಕದಲ್ಲಿದ್ದರೆ, ಅವನ ನಿಜವಾದ ಹೆಸರು ಮೇಷ್ಟರಿಗೆ ಚೆನ್ನಾಗಿ ನೆನಪಿದೆಯೆಂದು ದಯವಿಟ್ಟು ತಿಳಿಸಿ.