ಬ್ರ್ಯಾಕೆಟ್ ಕಾಯುವ ಪ್ಲಗಿನ್‌ಗಳು

ಮಣಿಪಾಲದ ಎಂಐಟಿ 1957ರದು, ಕಾರ್ಕಳ ತಾಲೂಕಿನ ನಿಟ್ಟೆಯದು 1986, ಕಾಪು ತಾಲೂಕಿನ ಬಂಟಕಲ್ಲಿನದು 2010. ಇಷ್ಟು ಇಂಜಿನಿಯರಿಂಗ್ ಕಾಲೇಜುಗಳಿರುವ ಉಡುಪಿ ಸೀಮೆಯಲ್ಲಿ ಸಿ ಭಾಷೆ ಕಲಿತವರಿಗೆಲ್ಲ ಫ್ಲವರ್ ಬ್ರ್ಯಾಕೆಟಿನ ಕಾಟ ಗೊತ್ತು. ಒಂದನ್ನು ಮುಚ್ಚಲು ಮರೆತರೆ ಕಂಪೈಲರ್ ಹೆಚ್ಚಾಗಿ ತಪ್ಪಾದ ಜಾಗವನ್ನು ಬಿಟ್ಟು ಫೈಲಿನ ಕೊನೆಯ ಸಾಲಿನತ್ತ ಬೊಟ್ಟು ಮಾಡುತ್ತದೆ.

ಮದ್ದು ಹಳೆಯದೇ. 1976ರಲ್ಲಿ ಬಿಲ್ ಜಾಯ್ ಶುರುಮಾಡಿದ ವಿಐ ಎಡಿಟರಿನಲ್ಲಿ ಶೇಕಡಾ ಚಿಹ್ನೆ ಒತ್ತಿದರೆ ಕರ್ಸರ್ ಜೋಡಿ ಬ್ರ್ಯಾಕೆಟಿಗೆ ಹಾರುತ್ತದೆ. ಇಂದಿನ ವಿಮ್‌ನಲ್ಲೂ ಅದೇ. ಈಮ್ಯಾಕ್ಸ್ ಎಡಿಟರಿನ ಬಳಗಕ್ಕೆ ಅಷ್ಟು ಸಾಲಲಿಲ್ಲ. ಲಿಸ್ಪ್ ಬರೆಯುವವರಿಗೆ ಸಾಲಿಗೆ ಹತ್ತು ಆವರಣ. ಹಾಗಾಗಿ 2005ರ ಸುಮಾರಿಗೆ ಬಂದ ಪ್ಯಾರೆಡಿಟ್ ಪ್ಲಗಿನ್, ಜೋಡಿ ತಪ್ಪಿಸಲು ಬಿಡುವುದೇ ಇಲ್ಲ. ಒಂದನ್ನು ಅಳಿಸಹೊರಟರೆ ತಡೆಯುತ್ತದೆ. ಶಿಸ್ತು ಒಳ್ಳೆಯದೇ, ಆದರೆ ಹೊಸಬರಿಗೆ ಉಸಿರುಗಟ್ಟುತ್ತದೆ. ಟೆಕ್ಸ್ಟ್‌ಮೇಟ್, ಸಬ್ಲೈಮ್ ಟೆಕ್ಸ್ಟ್ ಎಡಿಟರುಗಳು ಬಂದ ಮೇಲೆ, ತೆರೆದ ಕೂಡಲೇ ಮುಚ್ಚುವ ಚಿಹ್ನೆ ತಾನಾಗಿ ಮೂಡುವುದು ಎಲ್ಲರ ರೂಢಿಯಾಯಿತು.

2015ರಲ್ಲಿ ಬಂದ ಮೈಕ್ರೋಸಾಫ್ಟಿನ ವಿಎಸ್ ಕೋಡ್‌ನಲ್ಲಿ ಕಥೆ ಸ್ವಾರಸ್ಯವಾಗುತ್ತದೆ. ಬ್ರ್ಯಾಕೆಟ್ ಪೇರ್ ಕಲರೈಸರ್ ಎಂಬ ಪ್ಲಗಿನ್ ಒಂದೊಂದು ಜೋಡಿಗೆ ಒಂದೊಂದು ಬಣ್ಣ ಬಳಿದು ಮನೆಮಾತಾಯಿತು. ಆದರೆ ಪ್ಲಗಿನ್ ಎಡಿಟರಿನ ಹೊರಗಿನ ಪ್ರಕ್ರಿಯೆಯಲ್ಲಿ ಓಡುತ್ತದೆ. ಎಡಿಟರ್ ಆಗಲೇ ಬಿಡಿಸಿಟ್ಟ ಪದವಿಂಗಡಣೆ ಅದಕ್ಕೆ ಸಿಗದು, ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ದೊಡ್ಡ ಫೈಲಿನಲ್ಲಿ ಟೈಪಿಸಿ ಕಾಯಬೇಕಾಗುತ್ತಿತ್ತು. 2021ರ ಆಗಸ್ಟ್ ಆವೃತ್ತಿ 1.60ರಲ್ಲಿ ಮೈಕ್ರೋಸಾಫ್ಟ್ ಈ ಕೆಲಸವನ್ನು ಎಡಿಟರಿನ ಒಳಗೇ ತಂದು, ಹತ್ತು ಸಾವಿರ ಪಟ್ಟು ವೇಗ ಎಂದು ಸಾರಿತು. ಜನ ಬೇಡಿದ್ದನ್ನು ಹೊರಗಿನವರು ಕಟ್ಟಿ ತೋರಿಸುವುದು, ಯಜಮಾನರು ಅದನ್ನು ಒಳಗೆ ಸೇರಿಸಿಕೊಳ್ಳುವುದು: ಪ್ಲಗಿನ್ ಬರೆದವರ ಪಾಡೇ ಇದು.

ಹೀಗಾಗಿ ಬಣ್ಣಕ್ಕಾಗಿ ಈಗ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ರ್ಯಾಕೆಟ್ ಪೇರ್ ಕಲರೈಸೇಶನ್ ಎಂದು ಹುಡುಕಿ. ಒಳಗೊಳಗಿನ ಹಂತಗಳಿಗೆ ಆರು ಬಣ್ಣಗಳವರೆಗೆ ನೀವೇ ಆರಿಸಬಹುದು. ಜೋಡಿಗಳನ್ನು ಬೆಸೆಯುವ ಗೆರೆ ಬೇಕಿದ್ದರೆ ಗೈಡ್ಸ್ ತೆರೆಯಿರಿ. ತಾನಾಗಿ ಮುಚ್ಚುವುದು ಕಿರಿಕಿರಿಯೆನಿಸಿದರೆ ಆಟೋ ಕ್ಲೋಸಿಂಗ್ ಬ್ರ್ಯಾಕೆಟ್ಸ್‌ಗೆ ನೆವರ್ ಕೊಟ್ಟರಾಯಿತು. ಸಾಲುಗಳ ಜೋಡಣೆಗೆ ಮಾತ್ರ ಹಲವರು ಪ್ರೆಟಿಯರ್‌ನಂಥ ಪ್ಲಗಿನ್ ಈಗಲೂ ಬಳಸುತ್ತಾರೆ. ಬ್ರ್ಯಾಕೆಟ್ ಅದೇ ಸಾಲಿನಲ್ಲೋ ಕೆಳಗಿನ ಸಾಲಿನಲ್ಲೋ ಎಂಬ ಜಗಳವನ್ನು ಗೋ ಭಾಷೆ ವ್ಯಾಕರಣದಲ್ಲೇ ಮುಗಿಸಿತು: ಫಂಕ್ಷನ್ನಿನ ಬ್ರ್ಯಾಕೆಟನ್ನು ಕೆಳಗಿನ ಸಾಲಿನಲ್ಲಿ ತೆರೆದರೆ ಕಂಪೈಲೇ ಆಗದು.

ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಇನ್ನೊಂದು ತೊಡಕಿದೆ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಚೌಕ ಬ್ರ್ಯಾಕೆಟ್ ತೆರೆಯುವ ಕೀಲಿ ಒತ್ತಿದರೆ ಬರುವುದು ಡಕಾರ, ಶಿಫ್ಟ್ ಸೇರಿಸಿದರೆ ಢಕಾರ. ಆ ಬ್ರ್ಯಾಕೆಟ್ ಬೇಕೆಂದರೆ ಇಂಗ್ಲಿಷಿಗೆ ಮರಳಬೇಕು. ಬ್ರ್ಯಾಕೆಟೇ ಬೀಳದಿದ್ದಾಗ ತಾನಾಗಿ ಮುಚ್ಚುವ ಮಾತೆಲ್ಲಿ? ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮ ಕೆ.ಪಿ. ರಾವ್ ಹೊಂದಿಸಿದ ವಿನ್ಯಾಸ ಇಂಗ್ಲಿಷಿನ 26 ಅಕ್ಷರ ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಮುಗಿಸುತ್ತದೆ. ಡಕಾರ ಅಲ್ಲಿ ಡಬ್ಲ್ಯು ಕೀಲಿಯಲ್ಲಿದೆ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಅವರು ಉಚಿತವಾಗಿ ಹಂಚಿದ ತಂತ್ರಾಂಶದ ಬೆನ್ನಿಗೆ, ನುಡಿ ತಂತ್ರಾಂಶವೂ ಇದೇ ದಾರಿ ಹಿಡಿಯಿತು. ಕನ್ನಡ ಟೈಪಿಸುತ್ತಿರುವಾಗಲೇ ಬ್ರ್ಯಾಕೆಟ್ ಹಾಕಬೇಕೆಂದರೆ ವಿನ್ಯಾಸ ಬದಲಿಸುವ ಗೋಜಿಲ್ಲ.