ರಾತ್ರಿ ಪಾಳಿಯ ಸಂಸಾರ

1948ರ ಕಾರ್ಖಾನೆ ಕಾಯ್ದೆಯಲ್ಲಿ 57ನೆಯ ಕಲಮು ಎಂಬುದೊಂದಿತ್ತು. ಗಾತ್ರದಲ್ಲಿ ಸಣ್ಣದು, ವಕೀಲರ ಬಾಯಲ್ಲೂ ಅಪರೂಪಕ್ಕೆ ಕೇಳಿಬರುವಂಥದು. ನಡುರಾತ್ರಿ ದಾಟಿ ಮುಂದುವರಿಯುವ ಪಾಳಿಯಲ್ಲಿ ದುಡಿಯುವವನಿಗೆ ‘ದಿನ’ ಎಂದರೆ ಯಾವುದು ಎಂಬುದನ್ನು ಅದು ನಿಗದಿ ಮಾಡಿತ್ತು. ಅವನ ರಜೆ ಆರಂಭವಾಗುವುದು ರಾತ್ರಿ ಹನ್ನೆರಡು ಹೊಡೆದಾಗ ಅಲ್ಲ, ಅವನ ಪಾಳಿ ಮುಗಿದ ಗಳಿಗೆಯಲ್ಲಿ. ಅಲ್ಲಿಂದ ಸತತ 24 ಗಂಟೆ. ಹನ್ನೆರಡರ ನಂತರ ದುಡಿದ ಗಂಟೆಗಳೆಲ್ಲ ಹಿಂದಿನ ದಿನದ ಖಾತೆಗೆ ಜಮೆ. ಕೂಲಿ ಮತ್ತು ರಜೆಯ ಲೆಕ್ಕ ತಪ್ಪದಿರಲೆಂದು ಬರೆದ ನಿಯಮವಿದು. ಅದರಲ್ಲಿ ಯಾವ ಕೆಡುಕೂ ಇರಲಿಲ್ಲ. ಆದರೆ ಒಂದೇ ಸೂರಿನಡಿ ಗಂಡನ ಭಾನುವಾರ ಬೇರೆ, ಹೆಂಡತಿ ಮಕ್ಕಳ ಭಾನುವಾರ ಬೇರೆ ಎಂಬ ಸಂಗತಿಯನ್ನು ಕಾನೂನೇ ಒಪ್ಪಿಕೊಂಡು ಬರೆದಿಟ್ಟಂತಾಯಿತು.

ರಾತ್ರಿಯ ದುಡಿಮೆ ಯಂತ್ರಗಳ ಜೊತೆಗೇ ಹುಟ್ಟಿದ್ದೇನೂ ಅಲ್ಲ. ಹಂದಿ, ಆನೆಗಳಿಂದ ಪೈರು ಉಳಿಸಲು ಅಟ್ಟಣೆಯ ಮೇಲೆ ಕೂತು ಕೂಗು ಹಾಕುವವರು, ಬಿಸಿಲಿನ ಬೇಗೆ ತಪ್ಪಿಸಲು ಇರುಳಲ್ಲೇ ಸಂತೆಗೆ ಗಾಡಿ ಕಟ್ಟುವವರು, ಬಲೆ ಬೀಸುವ ಮೀನುಗಾರರು ಹಿಂದಿನಿಂದಲೂ ಇದ್ದರು. ಕರಾವಳಿಯ ಯಕ್ಷಗಾನ ಕಲಾವಿದರದಂತೂ ಶುದ್ಧ ರಾತ್ರಿ ಪಾಳಿ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಮೇಳ ಮೇ ತಿಂಗಳ ಕೊನೆಯ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ನಡೆಯಬೇಕು. ಇರುಳಿಡೀ ಆಟ, ಹಗಲು ನಿದ್ದೆ. ಮನೆಯ ಸುಖ ಏನಿದ್ದರೂ ಮಳೆಗಾಲದ್ದು. ಹಾಗಿದ್ದೂ ಆ ಕಲಾವಿದನನ್ನೂ ಗಿರಣಿಯ ಕೂಲಿಕಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಲಾವಿದ ಕುಣಿಯುವಾಗ ಊರೇ ಅವನೊಂದಿಗೆ ಎಚ್ಚರವಾಗಿರುತ್ತಿತ್ತು. ಅವನ ಇರುಳಿಗೆ ಸಾಕ್ಷಿಗಳಿದ್ದರು, ಮೆಚ್ಚುಗೆಯಿತ್ತು. ಅದಕ್ಕೊಂದು ಋತುಮಾನವೂ ಇತ್ತು. ಮಳೆ ಹಿಡಿದರೆ ಮನೆಗೆ ಮರಳುವುದು ಖಚಿತ. ಕಾರ್ಖಾನೆ ತಂದ ಇರುಳಿಗೆ ಮಳೆಗಾಲವಿಲ್ಲ, ಪ್ರೇಕ್ಷಕರೂ ಇಲ್ಲ. ಲೋಕವೆಲ್ಲ ಮಲಗಿರುವಾಗ ಎದ್ದಿರುವುದು, ಲೋಕವೆದ್ದಾಗ ಮಲಗುವುದು, ವರ್ಷದುದ್ದಕ್ಕೂ.

ಇದಕ್ಕೆ ಮೊದಲು ಬೇಕಾದದ್ದು ಬೆಳಕು. ಮುಂಬಯಿಯ ಹತ್ತಿ ಗಿರಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಸೂರ್ಯನ ಬೆಳಕನ್ನೇ ನಂಬಿ ನಡೆಯುತ್ತಿದ್ದವು. ಬೇಸಿಗೆಯ ದಿನ ಉದ್ದ, ಚಳಿಗಾಲದ ದಿನ ಗಿಡ್ಡ. ವಿದ್ಯುದ್ದೀಪ ಬಂದ ಮೇಲೆ ಈ ಮಿತಿ ಹೋಯಿತು. 1905ರ ಸುಮಾರಿಗೆ ನೂಲಿಗೆ ಬೇಡಿಕೆ ಏರಿದಾಗ ಕೆಲವು ಗಿರಣಿಗಳು ದಿನಕ್ಕೆ 14–15 ಗಂಟೆ ದುಡಿಸಿದವು. ಪತ್ರಿಕೆಗಳಲ್ಲಿ ಗದ್ದಲವಾಯಿತು, ಸರ್ಕಾರ ವಿಚಾರಣಾ ಸಮಿತಿಗಳನ್ನು ನೇಮಿಸಿತು, 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳುಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ಮುಂದೆ ಕೆಲಸದ ಅವಧಿ ಇಳಿಯುತ್ತ ಬಂದಂತೆ ಯಂತ್ರ ನಿಲ್ಲಿಸಲೊಲ್ಲದ ಮಾಲೀಕರು ಪಾಳಿಗಳ ಸಂಖ್ಯೆ ಹೆಚ್ಚಿಸಿದರು. ದುಡಿಯುವವನ ದಿನ ಗಿಡ್ಡವಾಯಿತು, ಯಂತ್ರದ ದಿನ ಉದ್ದವಾಯಿತು.

ಮೈಸೂರು ಸಂಸ್ಥಾನದ ಕತೆಯೂ ಬೆಳಕಿನಿಂದಲೇ ಆರಂಭ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ಹರಿದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿ ರಾತ್ರಿ ಕೆಲಸಕ್ಕೆ ಇನ್ನೊಂದು ಕಾರಣವೂ ಇತ್ತು. ಊದುಕುಲುಮೆಯನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸಲಾಗದು. ಒಮ್ಮೆ ಉರಿ ಹಚ್ಚಿದರೆ ತಿಂಗಳುಗಟ್ಟಲೆ ಅದು ಉರಿಯುತ್ತಲೇ ಇರಬೇಕು, ಅದರ ಮುಂದೆ ಯಾರಾದರೂ ನಿಂತಿರಲೇ ಬೇಕು. ಲಾಭಕ್ಕಾಗಿ ನಡೆಯುವ ರಾತ್ರಿ ಪಾಳಿ ಬೇರೆ, ಇಂಥ ಅನಿವಾರ್ಯದ ಪಾಳಿ ಬೇರೆ. ಆದರೆ ಮನೆಯಲ್ಲಿ ಕಾಯುವವರಿಗೆ ಈ ವ್ಯತ್ಯಾಸದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಕೋಲಾರದ ಗಣಿಯಲ್ಲಿ ಹಗಲು ಪಾಳಿಯೂ ಇರುಳಿನದೇ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. ಆ ತಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಮಿಳು ಸೀಮೆಯಿಂದ, ತೆಲುಗು ನಾಡಿನಿಂದ ಬಂದ ಕೂಲಿಗಳ ಸಂಸಾರಗಳು ‘ಲೈನು’ಗಳೆಂಬ ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ ಇದ್ದವು. ಒಂದೇ ಕೋಣೆ ಎಂಬುದನ್ನು ಗಮನಿಸಬೇಕು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗುವುದು ಅಲ್ಲೇ, ಅಮ್ಮ ಒಲೆ ಹಚ್ಚುವುದು ಅಲ್ಲೇ, ಮಕ್ಕಳು ಆಡಬೇಕಾದದ್ದೂ ಅಲ್ಲೇ. ಹಾಗಾಗಿ ಮಕ್ಕಳು ಬೀದಿಗೆ. ಗೋಡೆಯಾಚೆಯ ಮನೆಯವರ ಪಾಳಿ ಬೇರೆಯಾದರೆ ಅವರ ಸದ್ದೂ ಇವರ ಪಾಲಿಗೆ. ಇದಲ್ಲದೆ ಗಣಿಯೂರಿಗೆ ಮಾತ್ರ ಗೊತ್ತಿದ್ದ ಭಯವೊಂದಿತ್ತು. ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. ಆ ನಡುಕಕ್ಕೆ ಎಚ್ಚೆತ್ತವರು ಮೊದಲು ಯೋಚಿಸಬೇಕಾದದ್ದು ಈ ಹೊತ್ತು ಕೆಳಗೆ ಇಳಿದಿರುವವರು ಯಾರು ಎಂದು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆಮೇಲೆ ಆ ಊರಿನ ಸಾವಿರಾರು ಜನ ಕೂಲಿಗಾಗಿ, ನೌಕರಿಗಾಗಿ ಬೆಂಗಳೂರಿನ ದಾರಿ ಹಿಡಿದರು. ಬೆಳಕು ಹರಿಯುವ ಮುನ್ನ ರೈಲು ಹತ್ತಿ ಕತ್ತಲಾದ ಮೇಲೆ ಮರಳುವ ಅವರ ದಿನಚರಿಯಲ್ಲಿ ಗಣಿಯ ಪಾಳಿ ಬೇರೊಂದು ರೂಪದಲ್ಲಿ ಮುಂದುವರಿಯಿತು.

ಮುಂಬಯಿಯ ಗಿರಣಗಾಂವ್‌ನಲ್ಲಿ ಇದೇ ಸಮಸ್ಯೆಗೆ ವಿಚಿತ್ರವಾದೊಂದು ಪರಿಹಾರ ಕಂಡುಕೊಂಡಿದ್ದರು. ಕೊಂಕಣ, ಸತಾರಾ ಕಡೆಗಳಿಂದ ಬಂದ ಗಂಡಸರಲ್ಲಿ ಅನೇಕರು ಹೆಂಡಿರು ಮಕ್ಕಳನ್ನು ಊರಲ್ಲೇ ಬಿಟ್ಟವರು. ಹತ್ತಾರು ಜನ ಸೇರಿ ಚಾಳಿನಲ್ಲಿ ಒಂದು ಕೋಣೆ ಹಿಡಿಯುತ್ತಿದ್ದರು. ಅಷ್ಟೂ ಜನ ಒಟ್ಟಿಗೆ ಮಲಗಲು ಅಲ್ಲಿ ಜಾಗವಿಲ್ಲ, ಮಲಗಬೇಕಾಗಿಯೂ ಇರಲಿಲ್ಲ. ಒಬ್ಬ ಎದ್ದು ಪಾಳಿಗೆ ಹೋದ ಜಾಗದಲ್ಲಿ ಪಾಳಿ ಮುಗಿಸಿ ಬಂದ ಇನ್ನೊಬ್ಬ ಮೈಚಾಚುತ್ತಿದ್ದ. ರಾತ್ರಿ ಪಾಳಿ ಒಂದು ರೀತಿಯಲ್ಲಿ ವಸತಿಯ ಬಿಕ್ಕಟ್ಟನ್ನೇ ಬಿಡಿಸಿತು ಎನ್ನಬೇಕು! ಇವರ ಊಟಕ್ಕೆ ಖಾನಾವಳಿಗಳಿದ್ದವು. ತಮ್ಮ ಪುಟ್ಟ ಕೋಣೆಗಳಲ್ಲೇ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರು ಅವನ್ನು ನಡೆಸುತ್ತಿದ್ದರು. ಮೂರು ಪಾಳಿಯ ಜನ ಮೂರು ಹೊತ್ತಿಗೆ ಉಣ್ಣಲು ಬರುವಾಗ ಒಲೆಯ ಮುಂದಿನ ಹೆಂಗಸಿಗೆ ಪಾಳಿ ಎಂಬುದೇ ಇಲ್ಲ. ಕೈಗಡ ಸಾಲದಲ್ಲಿ ಸಿಲುಕಿದ್ದ ಈ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ‘ಅನ್ನಪೂರ್ಣಾ ಮಹಿಳಾ ಮಂಡಳ’ ಕಟ್ಟಿದರು. ಗಿರಣಿ ಕಾರ್ಮಿಕರ ಇತಿಹಾಸ ಬರೆದವರು ಮುಷ್ಕರಗಳಿಗೆ ಕೊಟ್ಟಷ್ಟು ಪುಟಗಳನ್ನು ಈ ಒಲೆಗಳಿಗೆ ಕೊಡಲಿಲ್ಲ.

ಹೆಂಗಸರ ವಿಷಯದಲ್ಲಿ ಕಾನೂನಿನ ದಾರಿ ಬೇರೆಯೇ ಇತ್ತು. ಅವರ ರಾತ್ರಿ ಕೆಲಸಕ್ಕೆ 1891ರ ಕಾಯ್ದೆಯಲ್ಲೇ ಮಿತಿ ಬಂತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಸಮ್ಮೇಳನದಲ್ಲೇ ಕೈಗಾರಿಕೆಗಳಲ್ಲಿ ಮಹಿಳೆಯರ ರಾತ್ರಿ ದುಡಿಮೆಯ ವಿರುದ್ಧ ಒಪ್ಪಂದ ಅಂಗೀಕರಿಸಿತು, ಭಾರತವೂ ಅದಕ್ಕೆ ಸಹಿ ಹಾಕಿತು. 1948ರ ಕಾಯ್ದೆಯ 66ನೆಯ ಕಲಮು ಸಂಜೆ 7ರಿಂದ ಬೆಳಗಿನ 6ರವರೆಗೆ ಕಾರ್ಖಾನೆಯಲ್ಲಿ ಹೆಣ್ಣಾಳುಗಳನ್ನು ದುಡಿಸಕೂಡದೆಂದು ವಿಧಿಸಿತು. ರಕ್ಷಣೆಯ ಉದ್ದೇಶ ಪ್ರಾಮಾಣಿಕವೇ ಇರಬಹುದು. ಆದರೆ ಮೂರು ಪಾಳಿಯ ಕಾರ್ಖಾನೆಯಲ್ಲಿ ಒಂದು ಪಾಳಿಗೆ ಬರಲಾಗದವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂದೆಮುಂದೆ ನೋಡಿದರು. ಆಸ್ಪತ್ರೆಯ ದಾದಿಯರ ರಾತ್ರಿ ಪಾಳಿಗೆ ಮಾತ್ರ ಯಾರ ಆಕ್ಷೇಪವೂ ಇರಲಿಲ್ಲ. ಆರೈಕೆ ಹೆಂಗಸರ ಸಹಜ ಕೆಲಸ, ಅದಕ್ಕೆ ಹೊತ್ತುಗೊತ್ತಿಲ್ಲ ಎಂಬ ನಂಬಿಕೆ ಇದರ ಹಿಂದಿತ್ತು. ಇನ್ನು ನಾಲ್ಕು ಗಂಟೆಗೆ ಎದ್ದು ಆರು ಗಂಟೆಯ ಪಾಳಿಗೆ ಬುತ್ತಿ ಕಟ್ಟುವವಳು, ರಾತ್ರಿ ಹನ್ನೊಂದಕ್ಕೆ ಬಂದವನಿಗೆ ಸಾರು ಬಿಸಿ ಮಾಡುವವಳು ಯಾವ ಕಾಯ್ದೆಯ ವ್ಯಾಪ್ತಿಗೂ ಬರಲಿಲ್ಲ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರು ಸಾರ್ವಜನಿಕ ಉದ್ದಿಮೆಗಳ ಊರಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವು ಕಟ್ಟಿಸಿದ ಕಾಲೊನಿಗಳಲ್ಲಿ ಕೋಣೆಗಳು ಒಂದಕ್ಕಿಂತ ಹೆಚ್ಚಿದ್ದವು, ಶಾಲೆ ಆಸ್ಪತ್ರೆಗಳಿದ್ದವು. ಮುಖ್ಯವಾಗಿ ಅಕ್ಕಪಕ್ಕದವರೂ ಪಾಳಿಯವರೇ. ಮಧ್ಯಾಹ್ನ ಕಿಟಕಿ ಮುಚ್ಚಿದ ಮನೆಯ ಮುಂದೆ ಚೆಂಡಾಡಬಾರದೆಂದು ಇಡೀ ಬೀದಿಗೆ ಗೊತ್ತು. ಸಂಘದ ನಾಟಕಕ್ಕೆ ಪಾತ್ರ ಹಂಚುವಾಗಲೂ ಅಭಿನಯದ ಜೊತೆಗೆ ಪಾಳಿಪಟ್ಟಿ ನೋಡಬೇಕಿತ್ತು. ರಾತ್ರಿ ಪಾಳಿಯ ಬದುಕು ಸಹನೀಯವಾಗುವುದು ಸುತ್ತಲಿನವರ ತಿಳಿವಳಿಕೆಯಿಂದ ಎಂಬುದಕ್ಕೆ ಈ ಕಾಲೊನಿಗಳು ಒಳ್ಳೆಯ ನಿದರ್ಶನ.

ಪಾಳಿಯ ಸಂಸಾರಗಳಿಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಹೊರಗಿನವರು ಊಹಿಸುವುದು ಕಷ್ಟ. ಮನೆಗೆ ಹೆಚ್ಚು ನಷ್ಟ ತರುವುದು ಯಾವಾಗಲೂ ರಾತ್ರಿ ಪಾಳಿಯಲ್ಲ, ಮಧ್ಯಾಹ್ನದ್ದು. ಎರಡು ಗಂಟೆಗೆ ಹೋದ ತಂದೆ ಮರಳುವಾಗ ಹತ್ತು ದಾಟಿರುತ್ತದೆ, ಮಕ್ಕಳು ಮಲಗಿರುತ್ತಾರೆ. ಬೆಳಗ್ಗೆ ಅವನು ಏಳುವ ಹೊತ್ತಿಗೆ ಅವರು ಶಾಲೆಯಲ್ಲಿ. ವಾರವಿಡೀ ಮಕ್ಕಳನ್ನು ನಿದ್ದೆಯಲ್ಲೇ ನೋಡಬೇಕು. ರಾತ್ರಿ ಪಾಳಿಯವನಿಗೆ ಕೊನೆಪಕ್ಷ ಸಂಜೆ ಉಳಿಯುತ್ತದೆ. ಅವನು ಕಳೆದುಕೊಳ್ಳುವುದು ಗಂಡಹೆಂಡಿರ ಹೊತ್ತನ್ನು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1965ರಲ್ಲಿ ಪ್ರಕಟಿಸಿದ ಪಾಳಿ ಕಾರ್ಮಿಕರ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಮಧ್ಯಾಹ್ನದ ಪಾಳಿ ತಂದೆತನಕ್ಕೆ, ರಾತ್ರಿ ಪಾಳಿ ದಾಂಪತ್ಯಕ್ಕೆ ಅಡ್ಡಿ ಎಂದು.

ಶರೀರದ ಮಾತು ಬೇರೆ. ದೇಹದೊಳಗಿನ ಗಡಿಯಾರದ ರಹಸ್ಯ ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ದೃಢಪಡಿಸಿತು. ಇಲ್ಲಿ ಕುತೂಹಲದ ಅಂಶವೊಂದಿದೆ. ಸಮುದ್ರದ ನಡುವಿನ ತೈಲ ವೇದಿಕೆಗಳಲ್ಲಿ ವಾರಗಟ್ಟಲೆ ರಾತ್ರಿಯೇ ದುಡಿಯುವವರ ದೇಹ ಹೊಸ ವೇಳೆಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಊರಲ್ಲಿ ದುಡಿಯುವವರ ದೇಹ ಅಷ್ಟು ಹೊಂದಿಕೊಳ್ಳುವುದಿಲ್ಲ. ಬೆಳಗಿನ ಬಿಸಿಲು ಒಂದು ಕಾರಣ. ರಜೆ ಬಂದೊಡನೆ ಮಗುವಿನ ನಾಮಕರಣ, ತಂಗಿಯ ಮದುವೆ, ಮನೆಮಂದಿಯ ಊಟ ಎಂದು ಅವರು ಹಗಲಿನ ಬದುಕಿಗೆ ಮರಳುವುದು ಇನ್ನೊಂದು. ಯಾರೂ ಇಲ್ಲದ ಕಡೆ ದೇಹ ಒಗ್ಗುತ್ತದೆ. ನೆಂಟರಿಷ್ಟರು ಇರುವ ಕಡೆ ಒಗ್ಗಲು ಬಿಡುವುದಿಲ್ಲ.

ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಹೊತ್ತಿಗೇ, ಇಪ್ಪತ್ತನೆಯ ಶತಮಾನ ಮುಗಿಯುತ್ತಿದ್ದಾಗ, ಬೆಂಗಳೂರಿಗೆ ಕಾಲ್ ಸೆಂಟರ್‌ಗಳು ಬಂದವು. ಈ ರಾತ್ರಿ ಪಾಳಿಗೆ ಕುಲುಮೆಯೂ ಕಾರಣವಲ್ಲ, ಮಗ್ಗವೂ ಅಲ್ಲ. ಭೂಮಿ ಗುಂಡಗಿರುವುದೇ ಕಾರಣ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ಮಹಿಳೆಯರ ರಾತ್ರಿ ಕೆಲಸವನ್ನು ನಿಷೇಧಿಸಿದ್ದ ಕರ್ನಾಟಕದ 1961ರ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಮಾಹಿತಿ ತಂತ್ರಜ್ಞಾನದ ಕೆಲಸಕ್ಕೆ ವಿನಾಯಿತಿ ನೀಡಲಾಯಿತು. ಕಾರ್ಖಾನೆ ಕಾಯ್ದೆಯ ನಿಷೇಧ ಸಮಾನತೆಗೆ ವಿರುದ್ಧವೆಂದು ಮದ್ರಾಸ್ ಹೈಕೋರ್ಟ್ 2000ದ ಡಿಸೆಂಬರ್‌ನಲ್ಲೇ ತೀರ್ಪಿತ್ತಿತ್ತು. ಕರ್ನಾಟಕದ ಕಾರ್ಖಾನೆಗಳಲ್ಲಿ ಷರತ್ತುಗಳೊಡನೆ ಮಹಿಳೆಯರ ರಾತ್ರಿ ಪಾಳಿಗೆ ಅನುಮತಿ ಸಿಕ್ಕಿದ್ದು 2019ರಲ್ಲಿ. ಬಾಗಿಲು ತೆರೆದದ್ದು ಸರಿಯೇ. ಆದರೆ ಬಾಗಿಲಿನಿಂದ ಮನೆವರೆಗಿನ ದಾರಿ? 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ವಾಹನದ ಚಾಲಕನೇ ಅತ್ಯಾಚಾರವೆಸಗಿ ಕೊಂದ. ಆತನಿಗೆ ಶಿಕ್ಷೆಯಾಗಲು 2010 ಬರಬೇಕಾಯಿತು. ಮಗಳನ್ನು ಕಾರಿಗೆ ಹತ್ತಿಸಿ ವಾಹನದ ಸಂಖ್ಯೆ ಬರೆದಿಟ್ಟುಕೊಳ್ಳುವುದು ಅನೇಕ ಮನೆಗಳಲ್ಲಿ ರೂಢಿಯಾಯಿತು.

ಹಳೆಯ ಗಿರಣಿಯ ಸೈರನ್ ಇಡೀ ಬಡಾವಣೆಗೆ ಕೇಳುತ್ತಿತ್ತು; ಯಾರು ಯಾವ ಪಾಳಿ ಎಂದು ಎಲ್ಲರಿಗೂ ಗೊತ್ತಿತ್ತು. ಜಯನಗರದ, ಮಲ್ಲೇಶ್ವರದ ಮನೆಯಿಂದ ಸಂಜೆ ಕಾರು ಹತ್ತಿ ಹೋಗುವ ಹುಡುಗ ಹುಡುಗಿಯರ ಸುತ್ತ ಅಂಥ ಬಡಾವಣೆ ಇಲ್ಲ. ಪಕ್ಕದ ಮನೆಯವರು ಬೆಳಗ್ಗೆ ಹತ್ತಕ್ಕೆ ಗೋಡೆಗೆ ಮೊಳೆ ಹೊಡೆಯುತ್ತಾರೆ, ಅಂಚೆಯವನು ಗಂಟೆ ಒತ್ತುತ್ತಾನೆ. ಸಂಬಂಧ ಕೇಳಲು ಬಂದವರು ‘ನಿಮ್ಮ ಹುಡುಗಿಗೆ ರಾತ್ರಿ ಡ್ಯೂಟಿಯಾ?’ ಎಂದು ದನಿ ತಗ್ಗಿಸುತ್ತಾರೆ. ಸ್ನೇಹ, ಪ್ರೇಮ, ಮದುವೆಗಳೂ ಅದೇ ಪಾಳಿಯವರ ನಡುವೆಯೇ ಆಗತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ಎಚ್ಚರವಾಗಿರುವ ಹೊತ್ತು ಒಂದೇ ಆಗಿರುವವರು ಅವರೇ.

ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತಾದಾಗ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮರುದಿನ ಸಂಜೆ ಇಲ್ಲಿಯ ಮನೆಗಳಿಗೆ ಕಾರು ಒಂದು ಗಂಟೆ ತಡವಾಗಿ ಬರುತ್ತದೆ. ಅಷ್ಟು ಹೊತ್ತು ಮಗ ಮನೆಯಲ್ಲಿ ಉಳಿದನೆಂದು ತಾಯಿ ರಾತ್ರಿಯ ಅಡುಗೆಯನ್ನು ಬೇಗ ಮುಗಿಸಿ ಒಟ್ಟಿಗೆ ಊಟಕ್ಕೆ ಕೂರಿಸುತ್ತಾಳೆ. ಮಾರ್ಚ್ ಎರಡನೆಯ ಭಾನುವಾರದವರೆಗೆ ಹೀಗೇ ನಡೆಯುತ್ತದೆ.