ವೆರಿಕೋಸೀಲ್, ಉತ್ಕರ್ಷಣ ಒತ್ತಡ ಮತ್ತು ಪುರುಷ ಫಲವತ್ತತೆ: ಚಿಕಿತ್ಸೆ ಮೂಲಕ್ಕೋ, ಪರಿಣಾಮಕ್ಕೋ?

ವೃಷಣದಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳು ಹಿಗ್ಗಿ ಸುರುಳಿಗಟ್ಟುವ ಸ್ಥಿತಿಯೇ ವೆರಿಕೋಸೀಲ್. ರೋಗಿ ನಿಂತು, ಉಸಿರು ಬಿಗಿಹಿಡಿದು ತಿಣುಕಿದಾಗ ಹುಳುಗಳ ಗಂಟಿನಂತೆ ವೈದ್ಯರ ಬೆರಳಿಗೆ ತಾಕುವ ಈ ಊತ ಮಲಗಿದಾಗ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಗಂಡಸರಲ್ಲಿ ಸುಮಾರು ಶೇ. 15 ಮಂದಿಗೆ ಇದು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 9,034 ಗಂಡಸರನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೀರ್ಯ ಸಹಜವಾಗಿದ್ದವರ ಪೈಕಿ ಶೇ. 11.7 ಮಂದಿಯಲ್ಲಿ, ವೀರ್ಯದೋಷವಿದ್ದವರ ಪೈಕಿ ಶೇ. 25.4 ಮಂದಿಯಲ್ಲಿ ವೆರಿಕೋಸೀಲ್ ಕಂಡುಬಂತು. ನಂಟು ಸ್ಪಷ್ಟವಾಗಿದೆ. ಆದರೆ ಹಿಗ್ಗಿದ ರಕ್ತನಾಳ ವೀರ್ಯಾಣುವನ್ನು ಕೆಡಿಸುವುದು ಹೇಗೆ? ಹಾನಿ ಸಾಗುವ ಮುಖ್ಯ ಹಾದಿ ಉತ್ಕರ್ಷಣ ಒತ್ತಡ, ಅದರ ಮೂಲ ಮಾತ್ರ ರಕ್ತನಾಳದಲ್ಲಿದೆ, ಆದ್ದರಿಂದ ಚಿಕಿತ್ಸೆಯ ಗುರಿಯೂ ಅಲ್ಲಿಯೇ ಇರಬೇಕು ಎಂಬುದು ಈ ಲೇಖನದ ವಾದ.

ಎಡ ವೃಷಣದ ಅಭಿಧಮನಿ ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುತ್ತದೆ. ಬಲಗಡೆಯದು ಮಹಾಭಿಧಮನಿಗೆ ಓರೆಯಾಗಿ ಇಳಿಯುತ್ತದೆ. ಈ ತೊಂದರೆ ಎಡಗಡೆಯೇ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಕಾರಣ. ಕವಾಟಗಳು ಸೋತರೆ ರಕ್ತ ಹಿಮ್ಮರಳಿ ನಿಲ್ಲುತ್ತದೆ. ವೃಷಣಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ಒಳಬರುವ ಅಪಧಮನಿಯ ಬಿಸಿಯನ್ನು ಸುತ್ತಲಿನ ಅಭಿಧಮನಿಗಳು ಹೀರಿ ಈ ತಂಪನ್ನು ಕಾಯುತ್ತವೆ. ನಿಂತ ರಕ್ತ ಆ ಏರ್ಪಾಡನ್ನೇ ಕೆಡಿಸುತ್ತದೆ. ಬಿಸಿ ಏರಿ ಆಮ್ಲಜನಕದ ಪೂರೈಕೆ ತಗ್ಗಿದಾಗ ಜೀವಕೋಶದ ಮೈಟೋಕಾಂಡ್ರಿಯಗಳಿಂದ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಕಣಗಳು ಮಿತಿಮೀರಿ ಹೊಮ್ಮುತ್ತವೆ. ಇದೇ ಉತ್ಕರ್ಷಣ ಒತ್ತಡ. ಇವುಗಳೆದುರು ವೀರ್ಯಾಣುವಿನಷ್ಟು ನಿರಾಯುಧ ಜೀವಕೋಶ ವಿರಳ. ಅದರ ಪೊರೆಯ ತುಂಬ ಸುಲಭವಾಗಿ ಉತ್ಕರ್ಷಣಗೊಳ್ಳುವ ಬಹು-ಅಪರ್ಯಾಪ್ತ ಕೊಬ್ಬಿನಾಮ್ಲಗಳಿವೆ. ಬೆಳೆಯುವಾಗ ಕೋಶದ್ರವ್ಯವನ್ನು ಬಹುಪಾಲು ಕಳಚಿಕೊಂಡಿರುವುದರಿಂದ ರಕ್ಷಕ ಕಿಣ್ವಗಳೂ ಅಲ್ಪ. ಪೊರೆ ಕೆಟ್ಟರೆ ಚಲನೆ ಕುಂದುತ್ತದೆ. ಡಿಎನ್‌ಎ ತುಂಡಾದರೆ ಅದನ್ನು ದುರಸ್ತಿ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಇಲ್ಲವೆಂಬಷ್ಟು ಕಡಿಮೆ.

ಈ ವಾದಕ್ಕೆ ಮೊದಲ ಆಕ್ಷೇಪ: ವೆರಿಕೋಸೀಲ್ ಇರುವ ಬಹುತೇಕರು ತಂದೆಯಾಗುತ್ತಾರಲ್ಲ? ನಿಜ. ಆದರೆ ಉತ್ಕರ್ಷಣ ಒತ್ತಡವೆಂಬುದು ಆಯವ್ಯಯದ ಲೆಕ್ಕ. ಚುರುಕು ಕಣಗಳ ಉತ್ಪತ್ತಿ ಒಂದು ಕಡೆ, ವೀರ್ಯದ್ರವದ ರಕ್ಷಣಾಬಲ ಇನ್ನೊಂದು ಕಡೆ. ಊತ ದೊಡ್ಡದಾಗಿ, ವಯಸ್ಸು, ಧೂಮಪಾನಗಳೂ ಸೇರಿದಾಗ ತಕ್ಕಡಿ ವಾಲುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಒತ್ತಡವೇ ಹಾದಿಯಾದರೆ ಉತ್ಕರ್ಷಣ ನಿರೋಧಕ ಮಾತ್ರೆಗಳಿಂದ ಗುಣ ಕಾಣಬೇಕಿತ್ತು. 2020ರಲ್ಲಿ ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದ ಫೋಲಿಕ್ ಆಮ್ಲ ಮತ್ತು ಸತುವಿನ ಪ್ರಯೋಗದ ಫಲಿತಾಂಶ ಹೊರಬಂತು. ಹೆರಿಗೆಗಳ ಪ್ರಮಾಣ ಹೆಚ್ಚಲಿಲ್ಲ. ಡಿಎನ್‌ಎ ತುಂಡಾಗುವಿಕೆ ಮಾತ್ರೆ ನುಂಗಿದವರಲ್ಲೇ ತುಸು ಹೆಚ್ಚಿತ್ತು. ಆದರೆ ಆ ಪ್ರಯೋಗಕ್ಕೆ ಆಯ್ದದ್ದು ವೆರಿಕೋಸೀಲ್ ರೋಗಿಗಳನ್ನಲ್ಲ. ಅಲ್ಲದೆ ಅಂಡಾಣುವನ್ನು ಭೇದಿಸಲು ಸಜ್ಜಾಗುವಾಗ ವೀರ್ಯಾಣುವಿಗೆ ಇದೇ ಕಣಗಳು ಅಲ್ಪ ಪ್ರಮಾಣದಲ್ಲಿ ಬೇಕು. ಎಲ್ಲವನ್ನೂ ಅಳಿಸಹೊರಟರೆ ಆ ಕೆಲಸಕ್ಕೂ ಅಡ್ಡಿ. ಸೋರುವ ಸೂರಿನಡಿ ಪಾತ್ರೆಯಿಟ್ಟರೆ ಸೋರಿಕೆ ನಿಲ್ಲದು.

ಹಿಗ್ಗಿದ ಅಭಿಧಮನಿಗಳನ್ನು ಮುಚ್ಚುವ ಶಸ್ತ್ರಚಿಕಿತ್ಸೆಯ ಬಗೆಗೂ ತಕರಾರುಗಳಿವೆ. 2003ರ ಒಂದು ಸಮಗ್ರ ಪರಾಮರ್ಶೆ ಅದರಿಂದ ಲಾಭ ಕಾಣಲಿಲ್ಲ. ಆದರೆ ಅಲ್ಲಿ ಸೇರಿಸಿದ್ದ ಅಧ್ಯಯನಗಳಲ್ಲಿ ವೀರ್ಯ ಸಹಜವಾಗಿದ್ದವರೂ ಕೈಗೆ ಸಿಗದಷ್ಟು ಚಿಕ್ಕ ಊತವಿದ್ದವರೂ ಇದ್ದರು. ಊತ ಕೈಗೆ ತಿಳಿಯುವಂತಿದ್ದು ವೀರ್ಯದೋಷವೂ ಇದ್ದವರನ್ನೇ ಆಯ್ದು ನಡೆಸಿದ 2011ರ ಯಾದೃಚ್ಛಿಕ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ವರ್ಷದೊಳಗೆ ಶೇ. 32.9, ಉಳಿದವರಲ್ಲಿ ಶೇ. 13.9 ಸಹಜ ಗರ್ಭಧಾರಣೆಗಳಾದವು. ಇಂಥ ಪ್ರಯೋಗಗಳು ಚಿಕ್ಕವು ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಚಿಕಿತ್ಸೆಯ ಬಳಿಕ ಡಿಎನ್‌ಎ ತುಂಡಾಗುವಿಕೆ ತಗ್ಗುವುದನ್ನು ಹಲವು ಅಧ್ಯಯನಗಳು ಕಂಡಿವೆ. ಮೂಲ ಮುಚ್ಚಿದರೆ ಹಾನಿ ಇಳಿಯುತ್ತದೆ ಎಂಬ ವಾದಕ್ಕೆ ಇದು ಒಪ್ಪುತ್ತದೆ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾದ್ದರಿಂದ ಗುಣವನ್ನು ಅಳೆಯಲು ಮೂರು ತಿಂಗಳಾದರೂ ಕಾಯಬೇಕು.

ಮಕ್ಕಳಾಗದಿದ್ದರೆ ಹೆಂಡತಿಯನ್ನೇ ಮೊದಲು ಪರೀಕ್ಷೆಗಳ ಸರಣಿಗೆ ದೂಡುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಗಂಡನನ್ನು ನಿಲ್ಲಿಸಿ ಕೈಯಿಂದ ತಪಾಸಿಸಲು ಕೆಲವು ನಿಮಿಷ ಸಾಕು. ಮಾತ್ರೆಯ ಚೀಟಿ ಬರೆಯುವ ಮುನ್ನ ಆ ನಿಮಿಷಗಳು ಸಲ್ಲಲೇಬೇಕು.